ನೀಲಿ ರಟ್ಟಿನ ವಹಿ

2025ರ ಯುಗಾದಿಯ ಕೂಟದಲ್ಲಿ ಹೋಳಿಗೆಯ ಊಟ ಮುಗಿಸಿ ಕೈ ತೊಳೆಯಲು ಹೊರಟಿದ್ದೆವು. ಹಿರಿಯ ತಾಯಿಯೊಬ್ಬರು ನಮ್ಮನ್ನು ತಡೆದು, ದನಿ ತಗ್ಗಿಸಿ ಕೇಳಿದರು: “ನಿಮ್ಮ ಮನ್ಯಾಗಿನ ಹುಡುಗೀದು ಕಿಡ್ನಿ ಹೋಗ್ಯಾವಂತಲ್ಲ, ಖರೇ ಏನ್ರಿ?” ಆ ಹುಡುಗಿ ಅದೇ ಹೊತ್ತಿಗೆ ಆಚೆಯ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದಳು. “ಇಲ್ಲ ತಾಯಿ, ಹೋಗಿಲ್ಲ. ಹೋಗಬಾರದೆಂದು ಕಾಯುತ್ತಿದ್ದೇವೆ” ಎಂದೆವು. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಬಾರಾಮತಿಯ ಕನ್ನಡ ಮನೆಗಳಲ್ಲಿ ಒಬ್ಬರ ಸುದ್ದಿ ಸಂಜೆಯೊಳಗೆ ಎಲ್ಲರನ್ನೂ ಮುಟ್ಟುತ್ತದೆ. ಆದರೆ ಮುಟ್ಟುವಷ್ಟರಲ್ಲಿ ಅದರ ಆಕಾರ ಬದಲಾಗಿರುತ್ತದೆ. ಆದುದರಿಂದ ಈ ಸಲದ ಅಂಕಣವನ್ನು ಆ ಸುದ್ದಿಗೇ ಮೀಸಲಿಡೋಣವೆಂದು ಹುಡುಗಿಯನ್ನು ಕೇಳಿದೆವು. “ಬರೀರಿ ಮಾಮಾ, ಹೆಸರೊಂದು ಹಾಕಬ್ಯಾಡ್ರಿ. ನನ್ನಂಗ ಇನ್ನೊಬ್ಬಾಕಿ ಎಲ್ಲ್ಯಾರ ಇದ್ರ ಆಕೀಗೆ ಉಪಯೋಗ ಆಗ್ಲಿ” ಎಂದಳು. ಬಿ.ಎ.ಗೆ ನಾವು ಓದಿದ್ದು ಇತಿಹಾಸ, ಹೊಟ್ಟೆಪಾಡು ಸರಕಾರಿ ಕಚೇರಿಯ ಕಾರಕೂನಿಕೆ. ಡಾಕ್ಟರರನ್ನು ಕೇಳಿ, ತಿಳಿಯದ್ದನ್ನು ನಾಚಿಕೆ ಬಿಟ್ಟು ಮತ್ತೊಮ್ಮೆ ಕೇಳಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಔಷಧ ಹೇಳುವ ಅಧಿಕಾರ ನಮಗಿಲ್ಲ, ಹೇಳುವುದೂ ಇಲ್ಲ.

ಹುಡುಗಿ ನಮ್ಮ ಅಕ್ಕನ ಮಗಳು. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಕಾಲೇಜಿಗೆಂದು ಬಂದು ನಮ್ಮಲ್ಲೇ ಇದ್ದಾಳೆ. 2022ರ ಮಳೆಗಾಲದಲ್ಲಿ ಅವಳಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಬಿಗಿದು ಚಹದ ಕಪ್ಪು ಹಿಡಿಯಲಾಗದು. ಕೆನ್ನೆಯಿಂದ ಕೆನ್ನೆಗೆ, ಮೂಗಿನ ಮೇಲಿಂದ ಹಾದು, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಕೆಂಪು. ಬಿಸಿಲಿಗೆ ಹೀಗಾಗಿದೆಯೆಂದು ನಮ್ಮ ಮನೆಯವರು ಗಂಧ ತೇಯ್ದು ಹಚ್ಚಿದರು. ಗಂಧ ಒಣಗಿತು, ಕೆಂಪು ಉಳಿಯಿತು. ಕೊನೆಗೆ ನೂರು ಕಿಲೋಮೀಟರು ದೂರದ ಪುಣೆಯ ಒಂದು ದವಾಖಾನೆಯಲ್ಲಿ ರೋಗಕ್ಕೆ ಹೆಸರು ಸಿಕ್ಕಿತು: ಲೂಪಸ್. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ತೋಳ. ಹಳೆಯ ಕಾಲದ ವೈದ್ಯರಿಗೆ ಮುಖದ ಮೇಲಿನ ಹುಣ್ಣು ತೋಳ ಕಚ್ಚಿದಂತೆ ಕಂಡಿತ್ತಂತೆ.

ಅಕ್ಕ ಊರಿನಿಂದ ಓಡಿ ಬಂದಳು. ದವಾಖಾನೆಯ ದಾದಿ ಮರಾಠಿಯಲ್ಲಿ “ಲಘವಿ” ತರಲು ಹೇಳಿದಾಗ ಅಕ್ಕ ಅದನ್ನು “ಲಘು” ಎಂದು ತಿಳಿದು, “ಹೌದ್ರಿ, ಹುಡುಗಿ ಹಗುರಾಗೇ ಇಳದಾಳ” ಎಂದುಬಿಟ್ಟಳು. ಆಗ ನಕ್ಕೆವು. ಆದರೆ ಆ “ಲಘವಿ”ಯೇ, ಎಂದರೆ ಮೂತ್ರವೇ, ನಮ್ಮ ಮನೆಯ ಮುಂದಿನ ಮೂರು ವರ್ಷಗಳ ಮುಖ್ಯ ವಿಷಯವಾಗುತ್ತದೆಂದು ಆ ಹೊತ್ತಿನಲ್ಲಿ ಯಾರಿಗೆ ಗೊತ್ತಿತ್ತು?

ಲೂಪಸ್ ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಮನೆ ಕಾಯಬೇಕಾದ ಕಾವಲುಗಾರ ದಾರಿ ತಪ್ಪಿ ಮನೆಯವರನ್ನೇ ಹೊಡೆಯತೊಡಗಿದರೆ ಹೇಗೋ ಹಾಗೆ ದೇಹದ ರಕ್ಷಣಾ ಶಕ್ತಿ ತನ್ನ ಅಂಗಗಳ ಮೇಲೆಯೇ ತಿರುಗಿ ಬೀಳುವುದು ಈ ರೋಗ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅವರಲ್ಲಿಯೂ ಹೆಚ್ಚಿನವರು ಹದಿನೈದರಿಂದ ನಲವತ್ತೈದರ ವಯಸ್ಸಿನವರು. ದಿಲ್ಲಿಯ ಬಳಿಯ ಹಳ್ಳಿಗಳಲ್ಲಿ ಡಾ. ಮಾಳವೀಯ ಮತ್ತು ಸಂಗಡಿಗರು ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷ ಜನಕ್ಕೆ ಸುಮಾರು ಮೂವರು ರೋಗಿಗಳ ಲೆಕ್ಕ ಬಂದಿತು. ಆ ಲೆಕ್ಕ ಹಿಡಿದರೆ, 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿದ್ದ ನಮ್ಮ ಬಾರಾಮತಿ ತಾಲ್ಲೂಕಿಗೆ ಹತ್ತು-ಹದಿನಾಲ್ಕು ಮಂದಿಯಾದಾರು. ಇಷ್ಟು ವಿರಳವಾದ ರೋಗ ಒಂದು ಮನೆಗೆ ಬಂದಾಗ, ನೆರೆಮನೆಯವರಿಂದ ಕೇಳಿ ತಿಳಿಯೋಣವೆಂದರೆ ನೆರೆಮನೆಯವರಿಗೂ ಗೊತ್ತಿರುವುದಿಲ್ಲ.

ಈ ರೋಗ ಕೀಲು, ಚರ್ಮ, ರಕ್ತ, ಎಲ್ಲವನ್ನೂ ಕಾಡಬಲ್ಲದು. ಎಲ್ಲಕ್ಕಿಂತ ಹೆಚ್ಚಿನ ಭಯ ಮೂತ್ರಪಿಂಡದ್ದು. ನೂರು ರೋಗಿಗಳಲ್ಲಿ ಮೂವತ್ತರಿಂದ ಐವತ್ತು ಮಂದಿಗೆ, ಹೆಚ್ಚಾಗಿ ಮೊದಲ ಐದು ವರ್ಷಗಳೊಳಗೆ, ಅದು ಮೂತ್ರಪಿಂಡಕ್ಕೆ ಇಳಿಯುತ್ತದೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳಿವೆ. ಅವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರು ನೀರನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಹಿಂದಕ್ಕೆಳೆದುಕೊಂಡು, ಒಂದೂವರೆ ಎರಡು ಲೀಟರು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಆ ಸೋಸುಕಗಳಲ್ಲಿ ದಾರಿ ತಪ್ಪಿದ ಪ್ರತಿಕಾಯಗಳು ಸಿಕ್ಕಿಕೊಂಡು ಉರಿಯೂತ ಹುಟ್ಟಿಸುತ್ತವೆ. ಆಗ ಸೋಸುಕದ ಜಾಲರಿ ಸಡಿಲಾಗಿ, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಇಷ್ಟೆಲ್ಲ ನಡೆದರೂ ಬಹಳ ಸಲ ನೋವಿಲ್ಲ, ಉರಿಯಿಲ್ಲ. ಹಲ್ಲು ಕೆಟ್ಟರೆ ರಾತ್ರಿಯೆಲ್ಲ ಒದರುತ್ತದೆ. ಮೂತ್ರಪಿಂಡ ಕೆಡುತ್ತಿದ್ದರೂ ಸುಮ್ಮನಿರುತ್ತದೆ.

ಸುಮ್ಮನಿರುವವನ ಸ್ಥಿತಿ ತಿಳಿಯಬೇಕಾದರೆ ಬೇರೆ ಸಾಕ್ಷಿಗಳನ್ನು ಕೇಳಬೇಕಷ್ಟೆ. ರಕ್ತ, ಮೂತ್ರಗಳಲ್ಲಿ ಅಳೆಯಬಹುದಾದ ಇಂಥ ಸಾಕ್ಷಿಗಳಿಗೆ ವೈದ್ಯರು ಬಯೊಮಾರ್ಕರ್ ಎನ್ನುತ್ತಾರೆ. ಹೆಸರು ಹೊಸದು, ಉಪಾಯ ಹಳೆಯದು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1827ರಲ್ಲಿಯೇ, ಮೈ ಬಾತ ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದ ಬತ್ತಿಯ ಮೇಲೆ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುದನ್ನೂ, ಅಂಥವರ ಮೂತ್ರಪಿಂಡಗಳು ಕೆಟ್ಟಿರುವುದನ್ನೂ ಜೋಡಿಸಿ ತೋರಿಸಿದರು. ಸೋರಿದ ಪ್ರೋಟೀನೇ ಆ ಗಟ್ಟಿ. ಇಂದು ಚಮಚದ ಬದಲು ಬಣ್ಣ ಬದಲಿಸುವ ಪಟ್ಟಿ ಬಂದಿದೆ, ಯಂತ್ರ ಬಂದಿದೆ. ಸಾಕ್ಷಿ ಮಾತ್ರ ಅದೇ.

ನಾವು ಎಡವಿದ್ದು ಈ ಸಾಕ್ಷಿಯನ್ನು ಓದುವಲ್ಲಿಯೇ. ಅದನ್ನು ಮುಚ್ಚಿಡದೆ ಹೇಳುತ್ತೇವೆ.

ಹುಡುಗಿಗೆ ಮೂರು ತಿಂಗಳಿಗೊಮ್ಮೆ ಮೂತ್ರದ ಪ್ರೋಟೀನು-ಕ್ರಿಯಾಟಿನಿನ್ ಅನುಪಾತ ಅಳೆಸಲು ಡಾಕ್ಟರರು ಹೇಳಿದ್ದರು. ಬರಿಯ ಪ್ರೋಟೀನನ್ನು ಅಳೆದರೆ, ಹೆಚ್ಚು ನೀರು ಕುಡಿದ ದಿನ ಮೂತ್ರ ತೆಳುವಾಗಿ ಲೆಕ್ಕ ಕಡಿಮೆ ಬರುತ್ತದೆ. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ಕಸ. ಅದರಿಂದ ಭಾಗಿಸಿದರೆ ನೀರಿನ ಮೋಸ ಕಳೆಯುತ್ತದೆ. 2023ರ ನವೆಂಬರಿನಲ್ಲಿ ಒಂದು ಪ್ರಯೋಗಾಲಯ “280” ಎಂದು ಬರೆದುಕೊಟ್ಟಿತು. 2024ರ ಸಂಕ್ರಾಂತಿಗೆ ಹುಡುಗಿ ಊರಿಗೆ ಹೋದಾಗ ಅಲ್ಲಿನ ಇನ್ನೊಂದು ಪ್ರಯೋಗಾಲಯ “0.6” ಎಂದು ಬರೆಯಿತು. ಅಕ್ಕ ದೂರವಾಣಿಯಲ್ಲಿ ಓದಿ ಹೇಳಿದಳು. ಇನ್ನೂರೆಂಬತ್ತರಿಂದ ಅರ್ಧ ಚಿಲ್ಲರೆಗೆ ಇಳಿದಿದೆ! ಕಚೇರಿಯಲ್ಲಿ ಪೇಢೆ ಹಂಚಿದೆವು. ಸಹೋದ್ಯೋಗಿಗಳು ಏಕೆಂದು ಕೇಳಿದ್ದಕ್ಕೆ “ರೋಗ ಇಳಿಯಿತು” ಎಂದೆವು.

ಮಾರ್ಚಿನಲ್ಲಿ ಪುಣೆಗೆ ಹೋದಾಗ ಅಲ್ಲಿ ಬಂದ ಲೆಕ್ಕ 1.4. ಡಾಕ್ಟರರು ಹಿಂದಿನ ಕಾಗದಗಳನ್ನು ಕೇಳಿದರು. ಒಂದು ನಮ್ಮ ಮನೆಯವರ ಕೈಚೀಲದಲ್ಲಿತ್ತು, ಒಂದು ಅಕ್ಕ ಕಳುಹಿಸಿದ ಚಿತ್ರವಾಗಿ ಮೊಬೈಲಿನಲ್ಲಿತ್ತು. ಎರಡನ್ನೂ ನೋಡಿ ಅವರು ಕಾಗದದ ಅಂಚಿನಲ್ಲಿ ಮೂರು ಅಂಕಿ ಬರೆದರು: 0.28, 0.6, 1.4. ಮೊದಲಿನ ಪ್ರಯೋಗಾಲಯ ಲೆಕ್ಕ ಕೊಟ್ಟದ್ದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು ಮಿಲಿಗ್ರಾಂ ಪ್ರೋಟೀನು ಎಂದು. ಎರಡನೆಯದು ಒಂದು ಗ್ರಾಂಗೆ ಇಷ್ಟು ಗ್ರಾಂ ಎಂದು. ಎರಡು ಕಾಗದಗಳಲ್ಲಿಯೂ ಸಣ್ಣ ಅಕ್ಷರದಲ್ಲಿ ಅಳತೆಯ ಮಾನ ಅಚ್ಚಾಗಿತ್ತು. ಪೈಸೆಯನ್ನು ರೂಪಾಯಿಯ ಕಾಲಮಿನಲ್ಲಿ ಬರೆದ ಹೊಸ ಗುಮಾಸ್ತನನ್ನು ಗದರಿಸುವ ನಾವು ಅದನ್ನು ಓದಿರಲಿಲ್ಲ. ರೋಗ ಇಳಿದಿರಲಿಲ್ಲ, ಎರಡರಷ್ಟಾಗಿತ್ತು. ಪೇಢೆ ಹಂಚಿದ ದಿನವೇ ಪುಣೆಯ ಬಸ್ಸು ಹತ್ತಬೇಕಾಗಿತ್ತು. ಎರಡು ತಿಂಗಳು ನಮ್ಮ ಅಜ್ಞಾನಕ್ಕೆ ಹೋದವು.

ಮರಳುವಾಗ ಎಸ್.ಟಿ. ಬಸ್ಸಿನಲ್ಲಿ ಹುಡುಗಿ ಇನ್ನೊಂದು ಮಾತು ಹೇಳಿದಳು. ಸೊಲ್ಲಾಪುರದ ಕಡೆಯ ಒಂದು ಸಂಬಂಧದವರು ನೋಡಲು ಬರುವವರಿದ್ದರು. ಗುಳಿಗೆಯಿಂದ ಮುಖ ದುಂಡಗಾಗಿದೆಯೆಂದು ಊರಿನ ಹೆಂಗಸರು ಅಂದಿದ್ದರಂತೆ. “ಹಿಂಗಾಗಿ ಒಂದು ಗುಳಿಗಿ ಬಿಟ್ಟಿದ್ದೆ ಮಾಮಾ. ಏನೂ ಆಗ್ಲಿಲ್ಲ, ಆರಾಮೇ ಇದ್ದೆ. ಅದಕ್ಕ ಹೇಳಲಿಲ್ಲ.” ನಮಗೆ ಸಿಟ್ಟು ಬರಲಿಲ್ಲ. ಅವಳು ದೇಹವನ್ನು ನಂಬಿದ್ದಳು, ನಾವು ಅಂಕಿಯನ್ನು ತಪ್ಪಾಗಿ ಓದಿದ್ದೆವು. ಯಾರು ಯಾರನ್ನು ಬೈಯುವುದು?

ಡಾಕ್ಟರರು ಬಯಾಪ್ಸಿ ಆಗಲೇಬೇಕೆಂದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಎಳೆಯಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಡೆನ್ಮಾರ್ಕಿನ ಇವರ್ಸೆನ್ ಮತ್ತು ಬ್ರೂನ್ ಎಂಬಿಬ್ಬರು 1951ರಲ್ಲಿ ಇದರ ವಿವರ ಪ್ರಕಟಿಸಿದ ಮೇಲೆ ಬಳಕೆಗೆ ಬಂದ ಕ್ರಮ. ಅಂದು ರಾತ್ರಿಯೇ ಅಕ್ಕನ ಕರೆ ಬಂತು. “ತಮ್ಮಾ, ರಕ್ತದಾಗಿನ ಕ್ರಿಯಾಟಿನಿನ್ ಛಲೋ ಐತಿ ಅಂತ ನೀನ ಹೇಳ್ತಿ. ಬಾವಿಲ್ಲ, ಬ್ಯಾನಿಲ್ಲ. ಮದುವಿ ಆಗೋ ಹುಡುಗಿಗೆ ಬೆನ್ನಾಗ ಸೂಜಿ ಯಾಕ ಚುಚ್ಚಸ್ತಿ?”

ಅಕ್ಕನ ಪ್ರಶ್ನೆ ತಪ್ಪಲ್ಲ. ರಕ್ತದ ಕ್ರಿಯಾಟಿನಿನ್ ಮೂರು ಸಲವೂ 0.7, 0.7, 0.8 ಇತ್ತು. ಅಚ್ಚಾದ ಮಿತಿಯೊಳಗೇ ಇತ್ತು. ನಾವು ಅದೇ ಪ್ರಶ್ನೆಯನ್ನು ಡಾಕ್ಟರರಿಗೆ ಒಪ್ಪಿಸಿದೆವು. ಅವರು ಕೊಟ್ಟ ಉತ್ತರವನ್ನು ವಾಚಕರು ಗಮನಿಸಬೇಕು.

ರಕ್ತದ ಕ್ರಿಯಾಟಿನಿನ್ ತಡವಾಗಿ ಬರುವ ಸಾಕ್ಷಿ. ಕೆಲವು ಸೋಸುಕಗಳು ಕೆಟ್ಟರೆ ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಆದುದರಿಂದ ಸೋಸುವ ಶಕ್ತಿ ಅರ್ಧದಷ್ಟು ಹೋಗುವ ತನಕವೂ ಆ ಅಂಕಿ ಮಿತಿಯೊಳಗೇ ಕಾಣಬಹುದು. ತೆಳ್ಳಗಿನ ಹುಡುಗಿಯರಲ್ಲಿ ಸ್ನಾಯು ಕಡಿಮೆಯಾದ ಕಾರಣ ಅದು ಇನ್ನಷ್ಟು ಮೋಸ ಮಾಡುತ್ತದೆ. ಮೂತ್ರದ ಪ್ರೋಟೀನು ಅದಕ್ಕಿಂತ ಮೊದಲೇ ಹೇಳುತ್ತದೆ. ಅನುಪಾತ 0.5 ದಾಟಿ ಅಲ್ಲಿಯೇ ನಿಂತರೆ ಬಯಾಪ್ಸಿಯ ಯೋಚನೆ ಮಾಡಬೇಕೆಂಬುದು ವೈದ್ಯರ ಸಾಮಾನ್ಯ ಸೂತ್ರ. ಇವೆರಡರ ಜೊತೆಗೆ ಮೂತ್ರದ ಗಸಿಯಲ್ಲಿ ಕೆಂಪು ರಕ್ತಕಣಗಳು ಕಾಣುತ್ತವೆಯೇ ಎಂದು ನೋಡುತ್ತಾರೆ. ರಕ್ತದಲ್ಲಿ ಡಿ.ಎನ್.ಎ. ವಿರೋಧಿ ಪ್ರತಿಕಾಯ ಏರಿದೆಯೇ ಎಂದು ನೋಡುತ್ತಾರೆ. ಸಿ-3, ಸಿ-4 ಎಂಬ ರಕ್ಷಕ ಪ್ರೋಟೀನುಗಳು ಉರಿಯೂತದಲ್ಲಿ ಖರ್ಚಾಗಿ ಹೋಗುವುದರಿಂದ ಅವು ಇಳಿದಿವೆಯೇ ಎಂದು ನೋಡುತ್ತಾರೆ. ನಮ್ಮ ಹುಡುಗಿಯ ಸಿ-3 ಆ ಮೂರು ತಪಾಸಣೆಗಳಲ್ಲಿ 96, 78, 58 ಎಂದು ಮೆಟ್ಟಿಲಿಳಿದಿತ್ತು. ಒಂದೊಂದನ್ನೇ ನೋಡಿದರೆ ಒಂದೊಂದು ಸಾಕ್ಷಿಯೂ ತಪ್ಪಬಹುದು. ನಾಲ್ಕು ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸಿದರೆ ಕೇಳದೆ ಗತಿಯಿಲ್ಲ.

ಹಾಗಾದರೆ ಸೂಜಿ ಏಕೆ? ಪ್ರೋಟೀನು ಸೋರುತ್ತಿದೆಯೆಂದು ಮೂತ್ರ ಹೇಳುತ್ತದೆ. ಸೋರುತ್ತಿರುವುದು ಈಗ ಉರಿಯುತ್ತಿರುವ ಬೆಂಕಿಯಿಂದಲೋ, ಹಿಂದೆ ಉರಿದು ಆರಿದ ಬೆಂಕಿಯ ಕಲೆಯಿಂದಲೋ ಎಂಬುದನ್ನು ಅದು ಹೇಳಲಾರದು. ಬೆಂಕಿಯಾದರೆ ಬಲವಾದ ಔಷಧ ಬೇಕು. ಬರಿಯ ಕಲೆಯಾದರೆ ಆ ಔಷಧದಿಂದ ಉಪಯೋಗವಿಲ್ಲ, ಅದರ ತೊಂದರೆಗಳಷ್ಟೇ ಉಳಿದಾವು. 2003ರಲ್ಲಿ ಒಪ್ಪಿಗೆಯಾದ ಆರು ವರ್ಗಗಳ ಪಟ್ಟಿಯಲ್ಲಿ ರೋಗಿಯ ಮೂತ್ರಪಿಂಡ ಎಲ್ಲಿದೆಯೆಂಬುದು ಸೂಕ್ಷ್ಮದರ್ಶಕದಲ್ಲಿ ಮಾತ್ರ ತಿಳಿಯುತ್ತದೆ.

ನಾವು ಇದನ್ನೆಲ್ಲ ಅಕ್ಕನಿಗೆ ಹೇಳುತ್ತಿದ್ದಂತೆ ಹುಡುಗಿಯೇ ದೂರವಾಣಿ ತೆಗೆದುಕೊಂಡು, “ಅವ್ವಾ, ನಾ ಚುಚ್ಚಿಸ್ಕೋತೀನಿ. ನನಗ ಗೊತ್ತಾಗ್ಬೇಕು” ಎಂದಳು. ವಾದ ಅಲ್ಲಿಗೆ ಮುಗಿಯಿತು. ಉತ್ತರ ಬಂದಾಗ ನಾಲ್ಕನೆಯ ವರ್ಗ. ಅರ್ಧಕ್ಕಿಂತ ಹೆಚ್ಚು ಸೋಸುಕಗಳಲ್ಲಿ ಉರಿ, ಕಲೆ ಬಹಳ ಕಡಿಮೆ. ಭಾರವಾದ ಸುದ್ದಿ. ಆದರೆ ಉರಿಯನ್ನು ಆರಿಸಬಹುದು, ಕಲೆಯನ್ನು ಅಳಿಸಲಾಗದು. ಇನ್ನೊಂದು ವರ್ಷ ಕ್ರಿಯಾಟಿನಿನ್ ಚೆನ್ನಾಗಿದೆಯೆಂದು ಕುಳಿತಿದ್ದರೆ ಲೆಕ್ಕ ತಿರುಗಾಮುರುಗಾ ಆಗಬಹುದಿತ್ತು.

ಮರುದಿನವೇ ಕಚೇರಿಯ ಎದುರಿನ ಅಂಗಡಿಯಿಂದ ಒಂದು ನೀಲಿ ರಟ್ಟಿನ ವಹಿ ತಂದೆವು. ಸಾಲು ಸಾಲಾಗಿ ಗೆರೆ ಎಳೆದು ತಾರೀಖು, ಪ್ರಯೋಗಾಲಯ, ಮೂತ್ರದ ಅನುಪಾತ ಮತ್ತು ಅದರ ಮಾನ, ಗಸಿ, ಕ್ರಿಯಾಟಿನಿನ್, ಸಿ-3, ಸಿ-4, ಪ್ರತಿಕಾಯ, ರಕ್ತದೊತ್ತಡ, ತೂಕ, ಆ ದಿನ ನಡೆದಿದ್ದ ಗುಳಿಗೆಗಳು ಎಂದು ಮನೆ ಮಾಡಿದೆವು. ಹಳೆಯ ಕಾಗದಗಳನ್ನೆಲ್ಲ ಕೂಡಿಸಿ, ಒಂದೇ ಮಾನಕ್ಕೆ ತಿರುಗಿಸಿ ಬರೆದೆವು. ನಾಲ್ಕು ಕಡೆ ಚದುರಿದ್ದಾಗ ಮಾತನಾಡದ ಅಂಕಿಗಳು ಒಂದು ಪುಟದಲ್ಲಿ ಕುಳಿತೊಡನೆ ಕತೆ ಹೇಳಿದವು.

ಚಿಕಿತ್ಸೆ ಫಲಿಸುತ್ತಿದೆಯೆಂದು ತಿಳಿಯುವುದಕ್ಕೂ ಅವೇ ಅಂಕಿಗಳು ಬೇಕು. ಯುರೋಪಿನ ವೈದ್ಯ ಸಂಘಗಳು 2019ರಲ್ಲಿ ಇಟ್ಟ ಗುರಿ ಹೀಗಿದೆ: ಮೂರು ತಿಂಗಳಿಗೆ ಪ್ರೋಟೀನು ಕಾಲು ಭಾಗವಾದರೂ ಇಳಿಯಬೇಕು, ಆರು ತಿಂಗಳಿಗೆ ಅರ್ಧ, ವರ್ಷದೊಳಗೆ ಅನುಪಾತ 0.5-0.7ಕ್ಕಿಂತ ಕೆಳಗೆ. ನಮ್ಮ ವಹಿಯಲ್ಲಿ ಮೂರು ತಿಂಗಳಿಗೆ 1.0, ಆರಕ್ಕೆ 0.6, 2025ರ ಮಾರ್ಚಿಗೆ 0.4 ಇದೆ. ಇದು ಗೆದ್ದೆವೆಂದು ಪೇಢೆ ಹಂಚುವ ಮಾತಲ್ಲ. ಲೂಪಸ್ ಮತ್ತೆ ಕೆರಳಬಲ್ಲದು, ಕಾವಲು ನಿಲ್ಲಿಸುವಂತಿಲ್ಲ.

ಸೂಜಿಯಿಲ್ಲದೆಯೇ ಎಲ್ಲವನ್ನೂ ಹೇಳುವ ಸಾಕ್ಷಿ ಸಿಕ್ಕೀತೇ ಎಂದು ಜಗತ್ತಿನಲ್ಲೆಲ್ಲ ಹುಡುಕುತ್ತಿದ್ದಾರೆ. ನಮ್ಮ ದೇಶದಲ್ಲಿಯೂ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯವರು ಲೂಪಸ್ ರೋಗಿಗಳ ಮೂತ್ರದಲ್ಲಿ ಇಂಥ ಪ್ರೋಟೀನುಗಳನ್ನು ಅಳೆದು ಪ್ರಕಟಿಸಿದ್ದಾರೆ. ಎಂ.ಸಿ.ಪಿ.-1 ಎಂಬುದು ಉರಿಯುವ ಜಾಗಕ್ಕೆ ಬಿಳಿ ರಕ್ತಕಣಗಳನ್ನು ಕರೆಯುವ ಪ್ರೋಟೀನು. ಎನ್‌ಗ್ಯಾಲ್ ಎಂಬುದು ಮೂತ್ರಪಿಂಡದ ನಾಳಗಳಿಗೆ ಪೆಟ್ಟಾದಾಗ ಏರುವಂಥದು. ಟ್ವೀಕ್ ಎಂಬುದು ಮತ್ತೊಂದು. ರಕ್ತದ ಪ್ರೋಟೀನು ಸೋರಿ ಬಂದ ಮಾಲಾದರೆ, ಇವುಗಳಲ್ಲಿ ಬಹುಪಾಲು ಪೆಟ್ಟು ತಿಂದ ಜಾಗದಿಂದಲೇ ಬಂದ ಪತ್ರವಿದ್ದಂತೆ. ಆದುದರಿಂದ ಬೆಂಕಿಯನ್ನೂ ಕಲೆಯನ್ನೂ ಬೇರೆ ಮಾಡಿ ತೋರಿಸಬಹುದೆಂಬ ಆಸೆ. ಆದರೆ ಬಯಾಪ್ಸಿಯ ಜಾಗದಲ್ಲಿ ಕೂರಿಸಬಹುದಾದ ಒಂದೇ ಒಂದು ಪರೀಕ್ಷೆ ಇನ್ನೂ ಸಿಕ್ಕಿಲ್ಲ, ದಿನದ ಚಿಕಿತ್ಸೆಗೆ ಇವು ಇನ್ನೂ ಬಂದಿಲ್ಲ. ಬರುವ ತನಕ ನಮ್ಮ ಪಾಲಿಗೆ ಒಂದು ಶೀಷೆ ಮೂತ್ರ, ಒಂದು ಕೊಳವೆ ರಕ್ತ, ಒಂದು ವಹಿ.

ನಮ್ಮಂಥ ವಲಸೆ ಬಂದ ಮನೆಗಳಿಗೆ ಈ ವಹಿ ಇನ್ನೂ ಹೆಚ್ಚು ಅಗತ್ಯ. ಒಂದು ತಪಾಸಣೆ ಬಾರಾಮತಿಯಲ್ಲಿ, ಇನ್ನೊಂದು ಪುಣೆಯಲ್ಲಿ, ಹಬ್ಬಕ್ಕೆ ಹೋದಾಗ ಮತ್ತೊಂದು ವಿಜಯಪುರದಲ್ಲಿ. ಡಾಕ್ಟರರೊಬ್ಬರು ಮರಾಠಿಯವರು, ಒಬ್ಬರು ಕನ್ನಡದವರು. ಅಂಕಿಗೆ ಮಾತ್ರ ಭಾಷೆಯ ತಡೆಯಿಲ್ಲ, ಜೊತೆಗೆ ಮಾನ ಬರೆದಿದ್ದರೆ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯಕ್ಕೆ ಹೋಗಿರಿ. ಬೆಳಗಿನ ಮೊದಲ ಮೂತ್ರವನ್ನು ಕೊಡಿರಿ. ತಿಂಗಳಿನ ಮುಟ್ಟಿನಲ್ಲಿಯೂ ಜ್ವರವಿದ್ದಾಗಲೂ ಕೊಟ್ಟರೆ ಲೆಕ್ಕ ತಪ್ಪಬಹುದು, ಅದನ್ನು ಮೊದಲೇ ತಿಳಿಸಿರಿ. ಮೈಕೈ ನೋವಿಗೆಂದು ಅಂಗಡಿಯ ನೋವುಗುಳಿಗೆಯನ್ನು ತಾವಾಗಿಯೇ ನುಂಗಬೇಡಿರಿ, ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಆಗದವು. ಆರಾಮವೆನಿಸಿತೆಂದು ಕೇಳದೆ ಔಷಧ ಬಿಡಬೇಡಿರಿ.

ಸೊಲ್ಲಾಪುರದ ಸಂಬಂಧದ ಮಾತನ್ನೂ ಹೇಳಿಬಿಡುತ್ತೇವೆ, ಇಲ್ಲವಾದರೆ ಅದೂ ಆಕಾರ ಬದಲಿಸಿ ತಿರುಗೀತು. ಮುಚ್ಚಿಡೋಣವೆಂದು ಅಕ್ಕ, ಹೇಳೋಣವೆಂದು ನಾವು. ಹುಡುಗಿ ತಾನೇ ಹೇಳಿದಳು. ಮದುವೆಯಾಗಬಹುದು, ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿದ್ದು, ಗರ್ಭಕ್ಕೆ ಆಗದ ಔಷಧಗಳನ್ನು ಡಾಕ್ಟರರು ಮೊದಲೇ ಬದಲಿಸಿಕೊಟ್ಟರೆ ಮಕ್ಕಳೂ ಆಗಬಹುದು ಎಂದು ಡಾಕ್ಟರರು ಹೇಳಿದ್ದನ್ನೂ ಸೇರಿಸಿ ಹೇಳಿದಳು. ಅವರು ಮರ್ಯಾದೆಯಿಂದಲೇ ಕೇಳಿ, ವಿಚಾರಿಸಿ ತಿಳಿಸುತ್ತೇವೆಂದು ಹೋದರು. ತಿಳಿಸಲಿಲ್ಲ. ಎರಡು ದಿನ ಹುಡುಗಿ ಮಾತು ಕಡಿಮೆ ಮಾಡಿದಳು. ಮೂರನೆಯ ದಿನ ಪರೀಕ್ಷೆಯ ಅರ್ಜಿ ತುಂಬಲು ನಮ್ಮ ಪೆನ್ನು ಕೇಳಿದಳು.

ಈಗ ವಹಿಯನ್ನು ಬರೆಯುವವಳು ಅವಳೇ. ನಮಗಿಂತ ಅಕ್ಷರ ದುಂಡಗಿದೆ, ಮಾನವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾಳೆ. ಯುಗಾದಿಯ ಕೂಟದ ಆ ಹಿರಿಯ ತಾಯಿಯವರಲ್ಲಿ ನಮ್ಮದೊಂದು ಅರಿಕೆ: ಮುಂದಿನ ಕೂಟದಲ್ಲಿ ನಮ್ಮನ್ನು ಕೇಳಬೇಡಿರಿ, ಅವಳನ್ನೇ ಕರೆದು ಕೇಳಿರಿ. ಮೊದಲು ತುಪ್ಪ ಬಡಿಸಿ, ಆಮೇಲೆ ಕುಳಿತು ವಹಿ ತೋರಿಸುತ್ತಾಳೆ.